ಒಂದು ಚುಕ್ಕೆಗಾಗಿ ಏಳು ವರ್ಷ ಮಾಳಿಗೆ ಹತ್ತಿದ್ದು

ಆಕಾಶ ನೋಡುವವನ ತೊಂದರೆಗಳೆಲ್ಲ ನೆಲದ ಮೇಲೇ ಇರುತ್ತವೆ. ಮೇಲೆ ಎಲ್ಲವೂ ತನ್ನ ಪಾಡಿಗೆ ತಾನು ಸರಿಯಾಗಿ ನಡೆದಿರುತ್ತದೆ, ಕೆಳಗೆ ಮಾತ್ರ ದಿನಕ್ಕೊಂದು ಆಗುತ್ತಿರುತ್ತದೆ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಹರಪನಹಳ್ಳಿಯ ಕಾಲೇಜೊಂದರಲ್ಲಿ ಫಿಜಿಕ್ಸ್ ಪಾಠ ಹೇಳಿಕೊಂಡಿದ್ದೆ. ಆ ದಿನಗಳಲ್ಲಿ ನನಗೆ ಆದಷ್ಟು ಫಜೀತಿ ಬಹುಶಃ ಯಾವ ಖಗೋಳ ವಿಜ್ಞಾನಿಗೂ ಆಗಿರಲಿಕ್ಕಿಲ್ಲ.

ನನಗಿದ್ದ ಹುಚ್ಚು ಇಂಥದ್ದು. ಬಹಳ ದೂರದಲ್ಲಿ ಒಂದು ದೊಡ್ಡ ನಕ್ಷತ್ರ ಸಾಯುವಾಗ ಕೆಲವೇ ಸೆಕೆಂಡು ಗಾಮಾ ಕಿರಣಗಳು ಸಿಡಿಯುತ್ತವೆ. ಅದು ಕಣ್ಣಿಗೆ ಕಾಣುವುದಿಲ್ಲ. ಮೇಲೆ ಸುತ್ತುವ ಉಪಗ್ರಹ ಅದನ್ನು ಗುರುತಿಸಿ, ಆಕಾಶದ ಇಂಥ ಜಾಗದಲ್ಲಿ ಎಂದು ಸುದ್ದಿ ಕಳಿಸುತ್ತದೆ. ಬೆಂಕಿ ಆರಿದ ಮೇಲೆ ಕೆಂಡ ಉಳಿಯುವ ಹಾಗೆ ಅಲ್ಲಿ ಒಂದು ಮಂಕು ಬೆಳಕು ಉಳಿದಿರುತ್ತದೆ. ಅದೂ ಕೆಲವು ತಾಸು. ಅಷ್ಟರೊಳಗೆ ನೆಲದ ಮೇಲಿನವರು ದೂರದರ್ಶಕ ತಿರುಗಿಸಿ, ಫೋಟೋ ತೆಗೆದು, ಹಳೆಯ ಫೋಟೋದಲ್ಲಿ ಇಲ್ಲದ ಒಂದು ಹೊಸ ಚುಕ್ಕೆಯನ್ನು ಹುಡುಕಬೇಕು. ಜಗತ್ತಿನ ದೊಡ್ಡ ವೀಕ್ಷಣಾಲಯಗಳ ಜೊತೆ ನಮ್ಮಂಥ ಹವ್ಯಾಸಿಗಳೂ ಇದರಲ್ಲಿ ಕೈ ಹಾಕಬಹುದಿತ್ತು. ನನ್ನ ಹತ್ತಿರ ಎಂಟು ಇಂಚಿನ ದೂರದರ್ಶಕ, ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಒಂದು ಹಳೆಯ ಲ್ಯಾಪ್‌ಟಾಪ್ ಇದ್ದವು. ಸುದ್ದಿ ಬಂದ ಕೂಡಲೇ ಫೋನ್ ಮಾಡಲು ಬೆಂಗಳೂರಿನಲ್ಲಿ ಒಬ್ಬ ಗೆಳೆಯನಿದ್ದ.

ನನಗೆ ಬೇಕಾದದ್ದು ಒಂದೇ ಒಂದು ಚುಕ್ಕೆ. ಕೊಟ್ಟೂರಿನವಳಾದ ನನ್ನ ಹೆಂಡತಿ ಅದಕ್ಕೊಂದು ಗಡುವು ಹಾಕಿದ್ದಳು. ಈ ಸಾಮಾನೆಲ್ಲ ಮನೆಯ ಒಂದು ಕೋಣೆಯನ್ನು ತಿಂದುಹಾಕಿತ್ತು. "ಮಗಳು ಹತ್ತನೇ ಕ್ಲಾಸಿಗೆ ಬರೋತನಕ ಟೈಮ್ ಕೊಡ್ತೀನಿ. ಅಷ್ಟರಾಗ ಒಂದು ಸಿಕ್ಕರ ಇರಲಿ. ಸಿಗಲಿಲ್ಲಂದ್ರ ಈ ಕೊಳವಿ ಮಾರಿ, ಆಕಿಗೆ ಓದಾಕ ಆ ಕ್ವಾಣಿ ಬಿಟ್ಟುಕೊಡ್ರಿ" ಎಂದಿದ್ದಳು. ಮಗಳು ಆಗ ಮೂರನೇ ಕ್ಲಾಸು. ಏಳು ವರ್ಷ ಎಂದರೆ ಬೇಕಾದಷ್ಟಾಯಿತು ಎಂದು ನಾನು ಧಾರಾಳವಾಗಿ ಒಪ್ಪಿಕೊಂಡೆ.

೧. ಮಣ್ಣು ಎಷ್ಟೊತ್ತಿಗೆ

ಮೊದಮೊದಲು ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ನಾವು ಬಾಡಿಗೆಗಿದ್ದದ್ದು ಮಹಡಿಯಲ್ಲಿ, ಫೋನ್ ಇದ್ದದ್ದು ಕೆಳಗೆ ಮನೆ ಮಾಲೀಕರ ಪಡಸಾಲೆಯಲ್ಲಿ. ಅದರ ಪಕ್ಕದಲ್ಲೇ ಮಾಲೀಕರ ತಾಯಿ, ಎಂಬತ್ತು ದಾಟಿದ ಅಜ್ಜಿ, ಮಲಗುತ್ತಿದ್ದರು. ನಮ್ಮ ಕಡೆ ಸರಿರಾತ್ರಿಯಲ್ಲಿ ಫೋನ್ ಬಂತೆಂದರೆ ಅದಕ್ಕೆ ಅರ್ಥ ಒಂದೇ.

ಮೊದಲ ಸುದ್ದಿ ಬಂದದ್ದು ರಾತ್ರಿ ಎರಡಕ್ಕೆ. ನಾನು ಇಳಿದು ಹೋಗುವಷ್ಟರಲ್ಲಿ ಮನೆಯವರೆಲ್ಲ ಎದ್ದು ಕೂತಿದ್ದರು. ಗೆಳೆಯ ಹೇಳಿದ ಅಂಕಿಗಳನ್ನು ಬರೆದುಕೊಂಡು ಫೋನ್ ಇಟ್ಟೆ. ಮಾಲೀಕರು ಮೆಲ್ಲಗೆ ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರ ಮನೆಯವರು ಅಷ್ಟರಲ್ಲಾಗಲೇ ಚಹಾಕ್ಕೆ ಇಟ್ಟಿದ್ದರು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಯಾರಪ್ಪಾ ಎಂದು ಕೇಳಿದರು. ಸುಳ್ಳು ಹೇಳಲು ಮನಸ್ಸಾಗದೆ, ಒಂದು ನಕ್ಷತ್ರ ಸತ್ತಿದೆ ಎಂದೆ.

ಅಜ್ಜಿ ಸೆರಗು ಸರಿಮಾಡಿಕೊಂಡು, "ಮಣ್ಣು ಎಷ್ಟೊತ್ತಿಗೆ?" ಎಂದರು.

ಅದು ಸತ್ತು ನೂರಾರು ಕೋಟಿ ವರ್ಷವಾಗಿದೆ, ಸುದ್ದಿ ಮಾತ್ರ ಈಗ ಬಂತು ಎಂದು ವಿವರಿಸಿದೆ. "ಹಂಗಾರ ಮಣ್ಣು ಮುಗದಿರತೈತಿ, ಹೋಗಿ ಮಲಕ್ಕೋ" ಎಂದು ಅಜ್ಜಿ ಹಾಸಿಗೆಯ ಕಡೆ ತಿರುಗಿದರು. ಇಲ್ಲಜ್ಜಿ, ಅದರ ಬೆಳಕು ಇನ್ನೂ ಎರಡು ತಾಸು ಕಾಣುತ್ತದೆ, ಅದನ್ನು ನೋಡಬೇಕು ಅಂತಲೇ ಈ ಧಾವಂತ ಎಂದೆ. ಮಾಲೀಕರು ಎಷ್ಟು ದೂರ ಎಂದು ಕೇಳಿದರು, ಹೇಳಿದೆ. ಅವರ ಮನೆಯವರು ಚಹಾ ಕೊಟ್ಟರು, ಕುಡಿದೆ. ಸತ್ತದ್ದು ನಮ್ಮ ರಾಶಿಯ ನಕ್ಷತ್ರವಲ್ಲವಲ್ಲ ಎಂದು ಕೇಳಿದರು, ಅಲ್ಲ ಎಂದೆ. ಎಲ್ಲರ ಅನುಮಾನ ತೀರಿಸಿ ಮಾಳಿಗೆ ಹತ್ತಿದರೆ ಪಡುವಣದಿಂದ ಮೋಡ ಬಂದು ಆ ಮೂಲೆ ಪೂರ್ತಿ ಮುಚ್ಚಿತ್ತು.

ಬೆಳಿಗ್ಗೆ ಅಜ್ಜಿ ಅಂಗಳದಲ್ಲಿ ಹಿಡಿದು, ಸಿಕ್ಕಿತೇ ಎಂದು ಕೇಳಿದರು. ಇಲ್ಲ ಎಂದೆ. "ಸತ್ತೋರ ಮನಿಗೆ ಹೊಂಟಾವ ಹಾದ್ಯಾಗ ಚಾ ಕುಡಕೊಂತ ನಿಂತರ ಮುಖ ನೋಡಾಕ ಸಿಗತೈತೇನು?" ಎಂದರು.

೨. ಹದಿನಾಲ್ಕು ಕ್ವಿಂಟಾಲ್

ನಮ್ಮ ಮಾಲೀಕರದು ಮೆಕ್ಕೆಜೋಳದ ವ್ಯಾಪಾರ. ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಗುವ ದಿನಗಳಲ್ಲೇ ಹರಪನಹಳ್ಳಿಯ ರಸ್ತೆ, ಕಟ್ಟೆ, ಮಾಳಿಗೆ ಎಲ್ಲದರ ಮೇಲೂ ಮೆಕ್ಕೆಜೋಳ ಒಣಗುತ್ತಿರುತ್ತದೆ. ನಮ್ಮ ಮಾಳಿಗೆಯೂ ಹಳದಿ. ಅದರ ನಡುವೆ ನನ್ನ ದೂರದರ್ಶಕ. ಅದರ ಹತ್ತಿರ ಹೋಗಲು ನನಗೆ ಒಂದು ಅಡಿ ಅಗಲದ ದಾರಿ ಬಿಟ್ಟಿದ್ದರು. ಕತ್ತಲಲ್ಲಿ ನಾನು ದಾರಿ ತಪ್ಪಿ ಜೋಳ ತುಳಿದರೆ ಕೆಳಗಿನಿಂದಲೇ ಅವರಿಗೆ ಗೊತ್ತಾಗುತ್ತಿತ್ತು.

ಆ ಮಾಳಿಗೆಯ ಮೇಲೆ ಗಾಳಿ ಜೋರು. ದೂರದರ್ಶಕದ ಮೂರು ಕಾಲಿನ ಸ್ಟ್ಯಾಂಡ್ ಅಲುಗಾಡಿ, ಫೋಟೋದಲ್ಲಿ ನಕ್ಷತ್ರಗಳು ಚುಕ್ಕೆಯಾಗಿ ಬೀಳದೆ ಉದ್ದುದ್ದ ಶಾವಿಗೆಯಾಗಿ ಬೀಳುತ್ತಿದ್ದವು. ಒಂದು ಸಂಜೆ ಕಾಲೇಜಿನಿಂದ ಬಂದು ನೋಡುತ್ತೇನೆ, ಇಬ್ಬನಿಗೆ ಹೆದರಿ ಜೋಳವನ್ನೆಲ್ಲ ನಡುವೆ ಗುಡ್ಡೆ ಹಾಕಿದ್ದಾರೆ. ದೂರದರ್ಶಕ ಮೊಳಕಾಲುಮಟ್ಟ ಜೋಳದಲ್ಲಿ ಹೂತು ನಿಂತಿದೆ. ನನಗೆ ಕೋಪ ಬಂತು. ಮಾಲೀಕರು ಮಾತ್ರ ಉಪಕಾರ ಮಾಡಿದ ಸಂತೋಷದಲ್ಲಿದ್ದರು. "ಗಾಳಿಗೆ ಅಳ್ಳಾಡತೈತಿ ಅಂತಿದ್ರಲ್ರಿ ಸಾರ್. ಈಗ ಆನಿ ಬಂದು ಮೈ ತಿಕ್ಕಿದ್ರೂ ಅಳ್ಳಾಡಂಗಿಲ್ಲ ನೋಡ್ರಿ" ಎಂದರು.

ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಫೋನ್ ಬಂತು. ಜೋಳ ಬಗೆದು ತೆಗೆಯಲು ಪುರಸೊತ್ತಿರಲಿಲ್ಲ. ಹಾಗೆಯೇ ತಿರುಗಿಸಿ ಫೋಟೋ ತೆಗೆದೆ. ಜೀವಮಾನದಲ್ಲಿ ಅಂಥ ಫೋಟೋ ಬಂದಿರಲಿಲ್ಲ. ಪ್ರತಿ ನಕ್ಷತ್ರವೂ ಸೂಜಿಯಲ್ಲಿ ಚುಚ್ಚಿದ ಹಾಗೆ. ನಮಗೆ ಬೇಕಾದ ಚುಕ್ಕೆ ನನ್ನ ಕ್ಯಾಮೆರಾಕ್ಕೆ ಸಿಗದಷ್ಟು ಮಂಕಾಗಿತ್ತು, ಆ ಮಾತು ಬೇರೆ. ಬೆಂಗಳೂರಿನ ಗೆಳೆಯ ಬೆರಗಾಗಿ, ಸ್ಟ್ಯಾಂಡ್ ಯಾವುದು ಹಾಕಿದೆ ಎಂದು ಬರೆದು ಕೇಳಿದ. ಹಳೆಯದೇ, ಜೊತೆಗೆ ಹದಿನಾಲ್ಕು ಕ್ವಿಂಟಾಲ್ ಮೆಕ್ಕೆಜೋಳ ಎಂದು ಉತ್ತರ ಬರೆದೆ.

ಮರುದಿನ ಸಂಜೆಯೇ ಇನ್ನೊಂದು ಸ್ಫೋಟ. ಇದು ಹಿಂದಿನದಕ್ಕಿಂತ ಪ್ರಕಾಶಮಾನ ಎಂದು ಗೆಳೆಯ ಉಸಿರು ಕಟ್ಟಿ ಹೇಳಿದ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದರೆ ಮಾಳಿಗೆ ಗುಡಿಸಿ ಚೊಕ್ಕ ಮಾಡಿದ್ದರು. ಬರಿಗಾಲಿನಲ್ಲಿ ನಿಂತ ದೂರದರ್ಶಕ ಗಾಳಿಗೆ ನಡುಗುತ್ತಿತ್ತು. ಆ ರಾತ್ರಿ ಬರೇ ಶಾವಿಗೆ.

ಮಾಲೀಕರಿಗೆ ನಿಜವಾಗಿ ಬೇಸರವಾಯಿತು. "ದಾವಣಗೇರ್ಯಾಗ ರೇಟು ಏರಿತ್ರಿ ಸಾರ್, ಮಾರಿಬಿಟ್ಟೆ. ನಿಮ್ಮ ನಕ್ಷತ್ರ ಇವತ್ತ ಸಾಯತೈತಿ ಅಂತ ಮೊದಲ ಒಂದು ಮಾತು ಹೇಳಿದ್ರ ಒಂದಿನ ತಡೀತಿದ್ದೆ" ಎಂದರು.

೩. ಏನೂ ಕಾಣಲಿಲ್ಲ

ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ಚುಕ್ಕೆ ಕಂಡರೆ, ಇಂಥ ವರದಿಗಳನ್ನು ಎಲ್ಲರಿಗೂ ಹಂಚುವ ಕೇಂದ್ರವೊಂದಕ್ಕೆ ಬರೆದು ಕಳಿಸಬೇಕು, ಕಾಣದಿದ್ದರೂ ಬರೆದು ಕಳಿಸಬೇಕು. ಇಂಥ ಊರಿನಿಂದ, ಇಷ್ಟು ಹೊತ್ತಿಗೆ, ಇಷ್ಟು ಮಂಕಿನವರೆಗೆ ನೋಡಿದೆ, ಏನೂ ಕಾಣಲಿಲ್ಲ. ಅದರಿಂದ ದೊಡ್ಡ ದೂರದರ್ಶಕದವರಿಗೆ ಒಂದು ಅಂದಾಜು ಸಿಗುತ್ತದೆ. ನನ್ನ ಖಾತೆಯಲ್ಲಿದ್ದದ್ದೆಲ್ಲ ಈ ಎರಡನೆಯ ಜಾತಿಯವು.

ಒಮ್ಮೆ ರಾತ್ರಿಯೆಲ್ಲ ನಿದ್ದೆಗೆಟ್ಟು, ಮರುದಿನ ಅರ್ಧ ದಿನದ ರಜೆಗೆ ಅರ್ಜಿ ಹಿಡಿದು ಕಾಲೇಜಿನ ಹೆಡ್ ಕ್ಲರ್ಕ್ ಹತ್ತಿರ ಹೋದೆ. ನಿವೃತ್ತಿಗೆ ಹತ್ತಿರವಾಗಿದ್ದ, ನಿಯಮ ಬಿಟ್ಟು ಒಂದು ಗೆರೆ ಎಳೆಯದ ಮನುಷ್ಯ. ಕಾರಣ ಕೇಳಿದರು, ಹೇಳಿದೆ. ಏನು ಕಂಡಿತು ಎಂದರು. ಏನೂ ಕಾಣಲಿಲ್ಲ, ಹಾಗಂತಲೇ ವರದಿ ಕಳಿಸಿದ್ದೇನೆ ಎಂದೆ. ಅವರು ಕನ್ನಡಕ ತೆಗೆದಿಟ್ಟರು. ಏನೂ ಕಾಣಲಿಲ್ಲ ಎಂದು ಬರೆದದ್ದನ್ನು ಆ ಕೇಂದ್ರದವರು ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿದರು. ತೆಗೆದುಕೊಂಡು, ನಂಬರ್ ಹಾಕಿ, ನನ್ನ ಹೆಸರಿನ ಸಮೇತ ಜಗತ್ತಿಗೆಲ್ಲ ಕಳಿಸುತ್ತಾರೆ ಎಂದು ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ್ದ ಹಾಳೆಯನ್ನು ತೋರಿಸಿದೆ. ಅವರು ಹಾಳೆಯನ್ನು ಹಿಂದುಮುಂದು ತಿರುಗಿಸಿ ಎರಡು ಸಲ ನೋಡಿದರು. ಸರ್ಕಾರಿ ಕಾಗದಗಳನ್ನು ಬಲ್ಲವರಿಗೆ ನಂಬರ್ ಬಿದ್ದ ಮೇಲೆ ಅನುಮಾನ ಉಳಿಯುವುದಿಲ್ಲ.

ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡು ದನಿ ತಗ್ಗಿಸಿ, "ನಿನ್ನೆ ರಾತ್ರಿ ನಾನೂ ಏನೂ ನೋಡಿಲ್ರಿ. ನನ್ನ ಹೆಸರೂ ಹಾಕ್ರಿ" ಎಂದರು.

ಹಾಗೆ ಆಗುವುದಿಲ್ಲ, ನೋಡಲು ಕೂತು ಕಾಣದೆ ಇರಬೇಕು ಎಂದು ತಿಳಿಸಿ ಹೇಳಿದೆ. ಅವರು ತಲೆಯಾಡಿಸಿ ರಜೆಗೆ ಸಹಿ ಹಾಕಿಸಿಕೊಟ್ಟರು. ನಾನು ಬಾಗಿಲು ದಾಟುವಾಗ ಮತ್ತೆ ಕರೆದರು. "ಮುಂದಿನ ಸಲ ಬಂದು ನಿಮ್ಮ ಬಾಜೂಕ ಕೂಡ್ತೀನಿ, ಅದಕ್ಕೇನಿಲ್ಲ. ಆದರ ಮೂವತ್ತು ವರ್ಷದಿಂದ ಏನೂ ಕಂಡಿಲ್ರಿ ನನಗ. ಹಿಂದಿನ ಸರ್ವೀಸೂ ಹಿಡೀತಾರೇನು, ಒಂದು ಮಾತು ಕೇಳಿ ನೋಡ್ರಿ" ಎಂದರು.

೪. ಅರಳುವ ಅವಸರ

ಮಗಳು ಒಂಬತ್ತನೇ ಕ್ಲಾಸಿಗೆ ಬಂದಳು. ನನಗೆ ಕಳವಳ ಶುರುವಾಯಿತು. ಊರಿನ ದೀಪಗಳೇ ಇದಕ್ಕೆಲ್ಲ ಕಾರಣ ಎಂದು ನಿರ್ಧರಿಸಿ, ಬೇಸಿಗೆಯ ಒಂದು ಅಮಾವಾಸ್ಯೆಗೆ ಸಾಮಾನೆಲ್ಲ ಕಟ್ಟಿಕೊಂಡು ಹಡಗಲಿಯ ಹತ್ತಿರದ ಸಹೋದ್ಯೋಗಿಯೊಬ್ಬರ ಮಲ್ಲಿಗೆ ತೋಟಕ್ಕೆ ಹೋದೆ. ಸುತ್ತಲೂ ಒಂದು ಬಲ್ಬಿಲ್ಲ. ಹಾಲು ಚೆಲ್ಲಿದ ಹಾಗಿದ್ದ ಆಕಾಶ ನೋಡಿ ಆರು ವರ್ಷದ ಸಂಕಟ ಮರೆತೆ. ಆ ಹೊತ್ತಿಗೆ ಮೊಬೈಲ್ ಬಂದಿತ್ತು. ನನ್ನ ಅದೃಷ್ಟಕ್ಕೆ ಬೆಳಗಿನ ಜಾವ ನಾಲ್ಕಕ್ಕೆ ಗೆಳೆಯನ ಕರೆಯೂ ಬಂತು. ಮೂಡಣದ ಕಡೆ, ಕ್ಯಾಮೆರಾಕ್ಕೆ ಸರಿಯಾಗಿ ಸಿಗುವ ಜಾಗ.

ಎರಡು ಫೋಟೋ ಆಗಿರಬಹುದು, ತೋಟದ ತುಂಬ ಬೆಳಕು. ಹೂ ಬಿಡಿಸುವ ಹೆಂಗಸರು ತಲೆಗೆ ಬ್ಯಾಟರಿ ಕಟ್ಟಿಕೊಂಡು ಬಂದಿದ್ದರು. ಹತ್ತು ಹನ್ನೆರಡು ಬ್ಯಾಟರಿ. ನಾನು ಯಾರೆಂದು ನೋಡಲು ಹನ್ನೆರಡೂ ಒಟ್ಟಿಗೆ ನನ್ನ ದೂರದರ್ಶಕದ ಬಾಯಿಗೆ ತಿರುಗಿದವು.

ಕೈ ಮುಗಿದು, ಅರ್ಧ ತಾಸು ದೀಪ ಆರಿಸಬೇಕು ಎಂದು ಬೇಡಿಕೊಂಡೆ. ಅವರಲ್ಲಿ ಹಿರಿಯಳು, ಬಿಸಿಲೇರಿದರೆ ಮೊಗ್ಗು ಬಿರಿಯುತ್ತದೆ, ಬಿರಿದ ಹೂವನ್ನು ಯಾರೂ ಕೇಳುವುದಿಲ್ಲ, ಬುಟ್ಟಿ ಮೊದಲ ಬಸ್ಸಿಗೆ ಹೋಗಬೇಕು ಎಂದಳು. ನನ್ನದೂ ಅವಸರವೇ, ಒಂದು ನಕ್ಷತ್ರ ಸತ್ತು ಅದರ ಬೆಳಕು ಆರುತ್ತಿದೆ ಎಂದೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನ್ಯಾಯ ಹೇಳುವವಳ ಹಾಗೆ ನಿಂತಳು. "ನಿಮ್ಮದು ಸತ್ತಿದ್ದು, ನಮ್ಮದು ಅರಳೋದು. ಯಾವುದು ಕಾಯಬೇಕು ನೀವ ಹೇಳ್ರಿ" ಎಂದಳು.

ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ನಿಮ್ಮ ಬದಿಯ ನಾಲ್ಕು ಸಾಲು ಮೊದಲು ಮುಗಿಸಿಕೊಂಡು ಆಚೆ ಹೋಗುತ್ತೇವೆ, ಬೇಗ ಆಗಬೇಕಾದರೆ ನೀವೂ ಕೈ ಹಾಕಿ ಎಂದಳು. ಹಾಕಿದೆ. ಬಗ್ಗಿ ಬಗ್ಗಿ ಮೊಗ್ಗು ಬಿಡಿಸಿದೆ. ನನ್ನ ವೇಗ ನೋಡಿ ಅವರು ನಕ್ಕದ್ದೇ ನಕ್ಕದ್ದು. ನಾಲ್ಕನೆಯ ಸಾಲು ಮುಗಿಯುವ ಹೊತ್ತಿಗೆ ಮೂಡಣ ಕೆಂಪಾಗಿತ್ತು. ಹಿರಿಯಳು ನಾನು ಬಿಡಿಸಿದ ಮೊಗ್ಗನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಕಟ್ಟಿ ನನಗೇ ಕೊಟ್ಟಳು.

ಕೆಂಪು ಕಣ್ಣು, ನೋಯುವ ಸೊಂಟ ಹೊತ್ತು ಮನೆಗೆ ಬಂದು ಹೂವಿನ ಗಂಟನ್ನು ಹೆಂಡತಿಯ ಕೈಗಿಟ್ಟೆ. ಅವಳು ಮೂಸಿ ನೋಡಿ, "ಆರು ವರ್ಷದಾಗ ಇವತ್ತೊಂದಿನ ಏನರ ಹುಡುಕಿ ತಂದ್ರಿ" ಎಂದಳು.

೫. ಟೆಂಪೋ

ಮಗಳು ಹತ್ತನೇ ಕ್ಲಾಸಿಗೆ ಬಂದೇ ಬಂದಳು. ಗಡುವು ಮುಗಿಯಿತು, ಚುಕ್ಕೆ ಸಿಗಲಿಲ್ಲ. ಮಾತಿಗೆ ತಪ್ಪುವುದು ಬೇಡವೆಂದು ದೂರದರ್ಶಕ ಕೊಳ್ಳುವವರನ್ನು ನಾನೇ ಹುಡುಕಿದೆ. ಕೂಡ್ಲಿಗಿಯ ಒಬ್ಬ ಮೇಷ್ಟ್ರು ಒಪ್ಪಿದರು. ಒಂದು ಭಾನುವಾರ ಮಧ್ಯಾಹ್ನ ಹಗರಿಬೊಮ್ಮನಹಳ್ಳಿಯ ಟೆಂಪೋ ಮಾಡಿಕೊಂಡು ಬಂದರು.

ನಾನು ಕೊಳವೆಯನ್ನು ಗೋಣಿಚೀಲದಲ್ಲಿ ಸುತ್ತಿ ಹೊಲಿಯುತ್ತಿದ್ದೆ. ಬೇಡವೆಂದರೂ ಕಣ್ಣಲ್ಲಿ ನೀರು ಬಂತು. ಹೆಂಡತಿ ಅದನ್ನು ನೋಡಿಯೂ ನೋಡದವಳ ಹಾಗೆ, ಪಕ್ಕದಲ್ಲಿ ಕೂತು ಸಣ್ಣ ಲೆನ್ಸುಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ಆ ಕಾಗದಗಳು ನನ್ನ ಏಳು ವರ್ಷದ ಫೋಟೋಗಳು. ಚುಕ್ಕೆ ಹುಡುಕಲು ಸುಲಭವಾಗಲೆಂದು ಬಿಳಿ ಹಾಳೆಯ ಮೇಲೆ ಕರಿ ಚುಕ್ಕೆ ಬರುವಂತೆ ಪ್ರಿಂಟ್ ತೆಗೆದು, ಪ್ರತಿ ಫೋಟೋಕ್ಕೂ ಅದೇ ಜಾಗದ ಹಳೆಯ ನಕ್ಷೆಯನ್ನು ಪಿನ್ ಮಾಡಿ ಇಟ್ಟಿದ್ದೆ. ಇನ್ನು ಯಾತಕ್ಕೆ ಅವು.

ಅವಳ ಕೈ ನಿಂತಿತು. "ಇವೆರಡೂ ಒಂದ ಜಾಗ ಏನ್ರಿ?" ಎಂದಳು. ಹೂಂ ಎಂದೆ.

"ಮತ್ತ ಇದ್ಯಾಕ ಅದರಾಗ ಇಲ್ಲ?"

ನಾನು ಹೊಲಿಯುವುದನ್ನು ಬಿಡದೆ, ಅದು ಕ್ಯಾಮೆರಾದ ಕಸ, ಅಂಥವು ಬೇಕಾದಷ್ಟಿರುತ್ತವೆ ಎಂದೆ. ಅವಳು ಒಪ್ಪಲಿಲ್ಲ. ಕಸ ಯಾವುದು ಎಂದು ನನಗೂ ಗೊತ್ತಾಗುತ್ತದೆ, ಇಲ್ಲೊಂದು ಕಸ, ಇಲ್ಲೊಂದು ಕಸ, ಇದು ಕಸವಲ್ಲ ಎಂದು ಬೆರಳಿಟ್ಟು ತೋರಿಸಿದಳು. ಬಗ್ಗಿ ನೋಡಿದೆ. ಒಂದು ದಪ್ಪ ನಕ್ಷತ್ರದ ಮಗ್ಗುಲಿಗೆ ಅಂಟಿಕೊಂಡ ಹಾಗೆ ಒಂದು ಸಾಸಿವೆ. ಹಳೆಯ ನಕ್ಷೆಯಲ್ಲಿ ಅಲ್ಲಿ ಬರೀ ಬಿಳಿ. ಹಾಳೆಯ ಮೂಲೆಯಲ್ಲಿ ನನ್ನದೇ ಅಕ್ಷರ, ಎರಡು ವರ್ಷ ಹಿಂದಿನ ತಾರೀಖು, ಪಕ್ಕದಲ್ಲಿ 'ಏನೂ ಇಲ್ಲ' ಎಂಬ ಷರಾ.

ಹಾಳೆ ಕಿತ್ತುಕೊಂಡು ಸೈಬರ್ ಸೆಂಟರಿಗೆ ಓಡಿದೆ. ಆ ದಿನಗಳ ಹಳೆಯ ಮೇಲ್ ಹುಡುಕಿದೆ. ಮರುದಿನ ಯಾವುದೋ ದೇಶದ ದೊಡ್ಡ ದೂರದರ್ಶಕಕ್ಕೆ ಆ ಚುಕ್ಕೆ ಸಿಕ್ಕಿತ್ತು, ಜಾಗವನ್ನೂ ಬರೆದಿದ್ದರು. ದಪ್ಪ ನಕ್ಷತ್ರದ ಮಗ್ಗುಲಲ್ಲೇ, ಈಶಾನ್ಯಕ್ಕೆ. ನಾನು ಆಗಲೇ ಏನೂ ಇಲ್ಲವೆಂದು ಕಳಿಸಿಬಿಟ್ಟಿದ್ದರಿಂದ ಅದನ್ನು ತೆರೆದು ಓದಿಯೇ ಇರಲಿಲ್ಲ. ಒಮ್ಮೆ ಮಾರ್ಕ್ಸ್ ಹಾಕಿದ ಪೇಪರನ್ನು ಮತ್ತೆ ನೋಡುವ ಅಭ್ಯಾಸ ನನಗೆ ಕಾಲೇಜಿನಲ್ಲೂ ಇಲ್ಲ. ಜಗತ್ತಿನಲ್ಲಿ ಮೊದಲು ಆ ಬೆಳಕನ್ನು ಹಿಡಿದವರಲ್ಲಿ ನಾನೂ ಒಬ್ಬ, ಅದು ನನ್ನ ಕೋಣೆಯಲ್ಲೇ ಎರಡು ವರ್ಷ ಪಿನ್ ಚುಚ್ಚಿಸಿಕೊಂಡು ಬಿದ್ದಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವನ ಕಥೆ ಕೇಳಿದ್ದೆ, ಅವನು ನಾನೇ ಎಂದು ಗೊತ್ತಿರಲಿಲ್ಲ. ಸೈಬರ್ ಸೆಂಟರಿನ ಆ ಕುರ್ಚಿಯಲ್ಲಿ ಒಬ್ಬನೇ ಕೂತು ನಕ್ಕೆ, ಅತ್ತೆ. ಎರಡೂ ಸಂತೋಷಕ್ಕೇ.

ಮನೆಗೆ ಬಂದರೆ ಎಲ್ಲವನ್ನೂ ಟೆಂಪೋಗೆ ಏರಿಸಿ ಹಗ್ಗ ಕಟ್ಟಿ ಆಗಿತ್ತು. ನನ್ನ ಮುಖ ನೋಡಿಯೇ ಹೆಂಡತಿಗೆ ತಿಳಿಯಿತು. ಡ್ರೈವರಿಗೆ ಹಗ್ಗ ಬಿಚ್ಚಲು ಹೇಳಿದಳು. ಮಗಳ ಕೋಣೆ ಮಗಳಿಗೇ, ಇದು ಅಡಿಗೆಮನೆಯಲ್ಲಿ ಜೋಳದ ಚೀಲದ ಪಕ್ಕ ಇರಲಿ, ಒಂದು ಸಿಕ್ಕಿದರೆ ಇರಲಿ ಎಂದಿದ್ದೆನಲ್ಲ ಎಂದಳು.

ಕೂಡ್ಲಿಗಿಯ ಮೇಷ್ಟ್ರು ಪಾಪ, ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಕೈಕಟ್ಟಿ ನಿಂತಿದ್ದರು. ನನಗೆ ನಾಚಿಕೆಯಾಗಿ, ಕಾಗದ ತೋರಿಸಿ ಕಥೆಯೆಲ್ಲ ಹೇಳಿದೆ. ಏಳು ವರ್ಷ ನಿಮಗೆ ಕಾಣದ್ದು ಅಮ್ಮನವರಿಗೆ ಒಂದು ನಿಮಿಷದಲ್ಲಿ ಹೇಗೆ ಕಂಡಿತು ಎಂದು ಅವರು ಕೇಳಿದರು. ಅದಕ್ಕೆ ಅವಳೇ ಉತ್ತರ ಕೊಟ್ಟಳು. "ಅದರಾಗೇನೈತ್ರಿ, ದಿನಾ ಅಕ್ಕಿ ಆರಿಸೋರಿಗೆ ಹರಳು ಕಾಣಂಗಿಲ್ಲೇನು? ನೀವೂ ಬ್ಯಾರೆ ಒಂದು ಕೊಳವಿ ತಗೋರಿ. ಫೋಟೋ ನೀವು ತಗೀರಿ, ನೋಡೋದು ನಿಮ್ಮ ಮನಿಯವರಿಗೆ ಬಿಡ್ರಿ."

ಮೇಷ್ಟ್ರು ತಲೆ ಕೆರೆದುಕೊಂಡರು. "ಹಂಗಲ್ರಿ ಅಮ್ಮಾ, ನಮ್ಮ ಮನ್ಯಾಗ ಅಕ್ಕಿ ಆರಸೋನು ನಾನ" ಎಂದರು.

ಹೆಂಡತಿ ಒಂದು ಸಲ ಅವರನ್ನು ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. "ಹಂಗಾರ ನಿಮಗ ಏಳು ವರ್ಷ ಬೇಕಾಗಂಗಿಲ್ಲ ಬಿಡ್ರಿ" ಎಂದಳು.

ಮರುದಿನ ಬೆಳಿಗ್ಗೆ ಚಹಾದ ಬದಲು ನನ್ನ ಮುಂದೆ ಒಂದು ಮೊರ ಅಕ್ಕಿ ಬಂತು.